ಯಂತ್ರದ ಗುರುತು, ನೌಕರನ ಷರಾ: ಪಾವಗಡ ಸೀಮೆಯ ನೆಲೆಯಿಂದ ಸ್ಟಾರ್ಟ್‌ಅಪ್ ಹೊಸತನದ ವಿಚಾರ

ಕೃತಕ ಬುದ್ಧಿಮತ್ತೆಯ ಉಪಕರಣ ಕೈಗೆ ಬಂದರೆ ಸಾಕು, ನೌಕರರಲ್ಲಿ ಹೊಸತನ ತಾನಾಗಿ ಚಿಗುರುತ್ತದೆ ಎಂಬ ಮಾತು ಸ್ಟಾರ್ಟ್‌ಅಪ್ ವಲಯದಲ್ಲಿ ಚಾಲ್ತಿಯಲ್ಲಿದೆ. ಪುರಾವೆ ಅಷ್ಟು ಸಲೀಸಾಗಿಲ್ಲ. ಬ್ರಿನ್ಯೋಲ್ಫ್‌ಸನ್, ಲೀ ಮತ್ತು ರೇಮಂಡ್ ಎಂಬ ಸಂಶೋಧಕರು ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ನೌಕರರ ಕೆಲಸವನ್ನು ಪರಿಶೀಲಿಸಿದಾಗ, ಇಂಥ ಉಪಕರಣದಿಂದ ಹೆಚ್ಚಿನ ಲಾಭ ದಕ್ಕಿದ್ದು ಹೊಸಬರಿಗೆ; ಪಳಗಿದವರಿಗೆ ಅತ್ಯಲ್ಪ. 2024ರಲ್ಲಿ ದೋಷಿ ಮತ್ತು ಹೌಸರ್ ಪ್ರಕಟಿಸಿದ ಪ್ರಯೋಗದಲ್ಲಿ, ಯಂತ್ರದ ಸಲಹೆ ಪಡೆದ ಕಥೆಗಳು ಬಿಡಿಬಿಡಿಯಾಗಿ ಮೇಲೆನಿಸಿದರೂ ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ಸಂಶೋಧಕರ ಹೊಸ ಶೋಧಗಳನ್ನು ಈ ತಂತ್ರಜ್ಞಾನ ಬಹಳ ಹೆಚ್ಚಿಸಿತೆಂದು ಸಾರಿದ್ದ ಪ್ರಬಂಧವೊಂದರ ದತ್ತಾಂಶದ ಮೇಲೆ ತನಗೆ ನಂಬಿಕೆಯಿಲ್ಲವೆಂದು 2025ರ ಮೇ ತಿಂಗಳಲ್ಲಿ ಎಂಐಟಿಯೇ ಹೇಳಬೇಕಾಯಿತು. ಆ ಪ್ರಬಂಧ ಎಷ್ಟು ಬೇಗ ಜನಪ್ರಿಯವಾಯಿತು ಎಂಬುದೇ ನಮ್ಮ ಆತುರಕ್ಕೆ ಸಾಕ್ಷಿ.

ಹಾಗಾದರೆ ಹೊಸತನ ಎಲ್ಲಿ ಹುಟ್ಟುತ್ತದೆ? ಉಪಕರಣಕ್ಕೆ ತಿಳಿಯದ ಸಂಗತಿ ನೌಕರನಿಗೆ ತಿಳಿದಿದ್ದು, ಅದನ್ನು ದಾಖಲಿಸುವ ಹಕ್ಕೂ ಅವನಿಗಿರುವ ಕಡೆ ಎಂಬುದು ನನ್ನ ವಾದ. ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ. 2018ರಲ್ಲಿ ಉದ್ಘಾಟನೆಗೊಂಡ ಇದರ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿದೆ. ಇಂಥ ಸ್ಥಾವರಗಳಲ್ಲಿ ಡ್ರೋನ್ ತೆಗೆದ ಉಷ್ಣಚಿತ್ರವನ್ನು ತಂತ್ರಾಂಶ ಓದಿ, ಬಿಸಿಯೇರಿದ ಪ್ಯಾನಲ್‌ಗೆ ಗುರುತು ಹಾಕುತ್ತದೆ. ಕಾರಣ ಹಕ್ಕಿಯ ಹಿಕ್ಕೆಯಿರಬಹುದು, ಬೆಳೆದ ಕಳೆಯ ನೆರಳಿರಬಹುದು, ಕೋಶ ಬಿರುಕು ಬಿಟ್ಟಿರಬಹುದು, ಡಯೋಡ್ ಕೆಟ್ಟಿರಬಹುದು. ಒಂದೇ ಸಾಲು ಮತ್ತೆ ಮತ್ತೆ ಬಿಸಿಯಾಗುವುದಕ್ಕೆ ಪಕ್ಕದ ಬಂಡಿದಾರಿಯ ಧೂಳು ಕಾರಣವೆಂದು ಊಹಿಸಬಲ್ಲವನು ದಿನವೂ ಅಲ್ಲಿ ಓಡಾಡುವ ತಂತ್ರಜ್ಞ. ಆ್ಯಪ್‌ನಲ್ಲಿ ಅವನಿಗೆ ‘ಸರಿಪಡಿಸಲಾಗಿದೆ’ ಎಂಬ ಗುಂಡಿಯೊಂದೇ ಇದ್ದರೆ ಆ ಊಹೆ ಅಲ್ಲೇ ಸಾಯುತ್ತದೆ. ಷರಾ ಬರೆಯುವ ಜಾಗವಿದ್ದು, ಅದನ್ನು ಓದುವವರಿದ್ದರೆ ತೊಳೆಯುವ ಸರದಿಯೇ ಬದಲಾದೀತು.

ಮಧುಗಿರಿ, ಶಿರಾ, ಕೊರಟಗೆರೆಯ ಹೊಲಗಳಿಗೂ ಇದೇ ಮಾತು ಸಲ್ಲುತ್ತದೆ. ಕಡ್ಲೆಕಾಯಿ ಎಲೆ ಹಳದಿಯಾದ ಫೋಟೊ ನೋಡಿ ಆ್ಯಪ್ ರೋಗದ ಹೆಸರು ಹೇಳೀತು. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಅದು ಕಬ್ಬಿಣದ ಕೊರತೆಯೂ ಆಗಿರಬಹುದೆಂದು ಸಂಶಯಪಡುವವನು ಹೊಲಕ್ಕೆ ಇಳಿದ ಕ್ಷೇತ್ರ ಸಹಾಯಕ.

ಇಂಥ ತಿದ್ದುಪಡಿಗೆ ಬೆಲೆ ಕಟ್ಟುವುದು ಅಸಾಧ್ಯವೇನಲ್ಲ. 2021ರಲ್ಲಿ ಆರಂಭವಾದ ಬೆಂಗಳೂರಿನ ‘ಕಾರ್ಯ’ ಸಂಸ್ಥೆ, ಹಳ್ಳಿಗರು ಓದಿ ಕೊಟ್ಟ ಧ್ವನಿಯ ದತ್ತಾಂಶ ಮರುಮಾರಾಟವಾದಾಗ ಅವರಿಗೆ ರಾಯಧನ ಕೊಡುವ ಪದ್ಧತಿ ತಂದಿದೆ. ತಂತ್ರಜ್ಞನ ಷರಾದಿಂದ ತಂತ್ರಾಂಶ ಸುಧಾರಿಸಿದರೆ, ಅದರ ಪಾಲು ಅವನ ಸಂಬಳದ ಚೀಟಿಯಲ್ಲೂ ಕಾಣಬೇಕು.