ಧರಮಪೇಠದಲ್ಲಿ ಬಾಡಿಗೆಗೊಂದು ಮನೆ: ದೂರದಿಂದ ಕೊಳ್ಳುವವರಿಗೆ ಮಾಹಿತಿ

ನಾಗಪುರದಲ್ಲಿ ಕೆಲವು ಕಾಲ ಉದ್ಯೋಗದಲ್ಲಿದ್ದು ಅನಂತರ ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬಾಡಿಗೆಯ ಆದಾಯಕ್ಕೆಂದು ಅಲ್ಲಿ ಮನೆ ಕೊಳ್ಳಲು ಯೋಚಿಸುವುದುಂಟು. ಅಂಥವರಿಗೆ ಧರಮಪೇಠ ಸಹಜವಾದ ಆಯ್ಕೆ. ಕಾಲೇಜು, ಅಂಗಡಿಬೀದಿ, ಆಸ್ಪತ್ರೆಗಳು ಹತ್ತಿರದಲ್ಲಿವೆ. 2020ರಲ್ಲಿ ಆರಂಭವಾದ ಮೆಟ್ರೋದ ಅಕ್ವಾ ಮಾರ್ಗವೂ ಈ ಭಾಗದಲ್ಲೇ ಹಾದುಹೋಗುತ್ತದೆ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ದೂರವಿಲ್ಲ. ಬಾಡಿಗೆದಾರರ ಕೊರತೆ ಅಷ್ಟಾಗಿ ಕಾಡದು. ಕಾಡುವುದು ದಾಖಲೆಗಳ ವಿಷಯ.

ಕರ್ನಾಟಕದ ಖಾತೆ ಮತ್ತು ಋಣಭಾರ ಪತ್ರಗಳಿಗೆ ಒಗ್ಗಿಕೊಂಡವರಿಗೆ ಮಹಾರಾಷ್ಟ್ರದ ಪದ್ಧತಿ ಬೇರೆಯಾಗಿ ತೋರುತ್ತದೆ. ಇಲ್ಲಿ ನಗರ ಭೂಮಾಪನ ಕಚೇರಿಯ ಆಖೀವ ಪತ್ರಿಕೆ, ನೋಂದಣಿ ಇಲಾಖೆಯ ಸೂಚಿ-2 ಹಾಗೂ ವಕೀಲರು ಮೂವತ್ತು ವರ್ಷಗಳ ದಾಖಲೆ ಶೋಧಿಸಿ ಕೊಡುವ ಸರ್ಚ್ ರಿಪೋರ್ಟ್ ಮುಖ್ಯ. ಇದಕ್ಕಿಂತಲೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನೆಲ ಯಾರದು? ಪಶ್ಚಿಮ ನಾಗಪುರದ ಹಳೆಯ ನಿವೇಶನಗಳಲ್ಲಿ, 1936ರ ಕಾಯಿದೆಯಂತೆ ರಚಿತವಾದ ನಾಗಪುರ ಸುಧಾರ ಪ್ರನ್ಯಾಸದ ಗುತ್ತಿಗೆಯವೂ ಸರಕಾರದ ನಜೂಲ್ ಭೂಮಿಯವೂ ಇವೆ. ಗುತ್ತಿಗೆಯ ಅವಧಿ ಮುಗಿದು ನವೀಕರಣವಾಗದಿದ್ದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ; ನಾಳೆ ನಾವು ಮಾರಹೊರಟಾಗಲೂ ಅದೇ ತೊಡಕು. ಮುಂಗಡ ಕೊಡುವ ಮುನ್ನವೇ ಗುತ್ತಿಗೆ ಪತ್ರವನ್ನೂ ಹಸ್ತಾಂತರಕ್ಕೆ ಬೇಕಾದ ಅನುಮತಿಯನ್ನೂ ನೋಡಿಕೊಳ್ಳತಕ್ಕದ್ದು.

ಇನ್ನು ಹಣ. ರೂ. 60 ಲಕ್ಷದ ಫ್ಲ್ಯಾಟೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ರೂ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆಯ ಮೌಲ್ಯದ ಶೇ. 80, ಅಂದರೆ 48 ಲಕ್ಷ. ಉಳಿದ 12 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ ಅಧಿಭಾರ ಸೇರಿ ಸುಮಾರು ಶೇ. 7 (ಮಹಿಳೆಯ ಹೆಸರಿನಲ್ಲಾದರೆ ಶೇ. 1 ಕಡಿಮೆ), ನೋಂದಣಿ ಶುಲ್ಕ ಹೆಚ್ಚೆಂದರೆ ರೂ. 30,000. ದುರಸ್ತಿಗೆ ಮೊದಲೇ ಸುಮಾರು ಹದಿನಾರೂವರೆ ಲಕ್ಷ ಸ್ವಂತದ್ದಿರಬೇಕಾಯಿತು. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1ನ್ನು ಮುರಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆಯೂ ಕೊಳ್ಳುವವರದೇ. ಮಾರುವವರು ಅನಿವಾಸಿಯಾಗಿದ್ದರೆ ನಿಯಮ ಬೇರೆ.

ನೋಂದಣಿಗೆ ಖುದ್ದಾಗಿ ಹೋಗುವುದೇ ಲೇಸೆಂಬುದು ಈ ಲೇಖಕರ ಅಭಿಪ್ರಾಯ. ಆಗದಿದ್ದಲ್ಲಿ ತಾವು ವಾಸಿಸುವ ಜಿಲ್ಲೆಯ ಉಪನೋಂದಣಾಧಿಕಾರಿಯ ಮುಂದೆ ಅಧಿಕಾರಪತ್ರ ಬರೆದುಕೊಡಬಹುದು. ವಿದೇಶದಲ್ಲಿರುವವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಬಹುದು. ಆದರೆ ಮಾರುವವರು ಕ್ರಯಪತ್ರದ ಬದಲು ಅಧಿಕಾರಪತ್ರವನ್ನೇ ಕೊಡಹೊರಟರೆ ಒಪ್ಪಬಾರದು. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿದೆ.

ದುರಸ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇಸಗೆಯಲ್ಲಿ 45 ಡಿಗ್ರಿ ದಾಟುವ ಊರಿದು. ಕೂಲರಿಗೆ ಕಿಟಕಿ, ನೀರು, ಹವಾನಿಯಂತ್ರಕದ ಭಾರ ತಾಳುವ ವೈರಿಂಗ್ ಇವು ಅಲಂಕಾರಕ್ಕಿಂತ ಮೊದಲು. ತಾರಸಿಯ ಕೆಲಸ ಜೂನ್ ಮಳೆಗೆ ಮುನ್ನ ಮುಗಿಯಲಿ. ಗುತ್ತಿಗೆದಾರನಿಗೆ ಹಣವನ್ನು ಕೆಲಸ ಮುಗಿದಷ್ಟಕ್ಕೆ, ಗೋಡೆ ಮುಚ್ಚುವ ಮೊದಲಿನ ಕೊಳವೆ-ತಂತಿಗಳ ಚಿತ್ರ ನೋಡಿಯೇ ಕೊಡುವುದು ಒಳ್ಳೆಯದು.

ಬಾಡಿಗೆಯ ಕರಾರು ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ‘ಲೀವ್ ಅಂಡ್ ಲೈಸೆನ್ಸ್’ ರೂಪದಲ್ಲಿರುತ್ತದೆ. ನಮ್ಮ ಕಡೆಯ ಭೋಗ್ಯದ ಲೆಕ್ಕ ಇಲ್ಲಿ ಹಿಡಿಯಬಾರದು. ರಾಜ್ಯದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಕರಾರು ಲಿಖಿತವಾಗಿ ನೋಂದಣಿಯಾಗಲೇಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ದಂಡ ಅಥವಾ ಸೆರೆವಾಸದ ಭಯ ಒಂದೆಡೆ. ವ್ಯಾಜ್ಯವಾದಾಗ ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ, ತಪ್ಪೆಂದು ಸಿದ್ಧವಾಗುವವರೆಗೆ, ನಿಲ್ಲುತ್ತದೆ ಎಂಬುದು ಇನ್ನೊಂದೆಡೆ. ಎರಡನೆಯದೇ ದೊಡ್ಡ ಅಪಾಯ. ಆಧಾರ್ ಮೂಲಕ ಈ ನೋಂದಣಿಯನ್ನು ಮನೆಯಿಂದಲೇ ಮಾಡಿಸಬಹುದಾದ್ದರಿಂದ ದೂರದವರಿಗೆ ನೆಪವಿಲ್ಲ.

ಬಾಡಿಗೆ ಬರತೊಡಗಿದ ಮೇಲೆ ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವ, ದುರಸ್ತಿಯ ಖರ್ಚಿಗೆ ಟಾಪ್-ಅಪ್ ಪಡೆಯುವ ಯೋಚನೆ ಬರುತ್ತದೆ. ಚರ ಬಡ್ಡಿಯ ವೈಯಕ್ತಿಕ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲವೆಂಬ ನಿಯಮ 2012ರಿಂದ ಇದೆ. ಹೊಸ ಬ್ಯಾಂಕಿನ ಶುಲ್ಕ, ಮೌಲ್ಯಮಾಪನ, ಅಡಮಾನದ ಮುದ್ರಾಂಕ ಇವುಗಳನ್ನು ಕೂಡಿಸಿ ನೋಡಿದ ಮೇಲೂ ಉಳಿತಾಯ ಕಂಡರಷ್ಟೇ ಮುಂದುವರಿಯಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವವರು ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲಾಗದೆಂಬುದನ್ನೂ ಲೆಕ್ಕಕ್ಕೆ ತಂದುಕೊಳ್ಳಲಿ. ಬ್ಯಾಂಕಿಗೆ ಒಪ್ಪಿಸಿದ ಮೂಲಪತ್ರಗಳ ಪಟ್ಟಿಗೆ ಸಹಿ-ಮೊಹರು ಪಡೆದಿಡಿ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅವನ್ನು ಹಿಂದಿರುಗಿಸದ ಬ್ಯಾಂಕು, ವಿಳಂಬ ತನ್ನಿಂದಲೇ ಆಗಿದ್ದರೆ, ದಿನಕ್ಕೆ ರೂ. 5,000 ಪರಿಹಾರ ಕೊಡಬೇಕಾಗಿದೆ.