ಹಸಿರುಮನೆ ಅನಿಲಗಳು ಎಲ್ಲಿಂದ ಬರುತ್ತವೆ? ವಲಯವಾರು ಲೆಕ್ಕ

ಭೂಮಿಯ ತಾಪವನ್ನು ಏರಿಸುವ ಅನಿಲಗಳು ಎಲ್ಲಿಂದ ಬರುತ್ತವೆ ಎಂದು ತರಗತಿಯಲ್ಲಿ ಕೇಳಿದಾಗಲೆಲ್ಲ ನಮಗೆ ಮೊದಲು ದೊರೆಯುವ ಉತ್ತರ ‘ವಾಹನಗಳಿಂದ’. ಕಣ್ಣಿಗೆ ಕಾಣುವ ಹೊಗೆಯನ್ನೇ ಮಕ್ಕಳು ಹೆಸರಿಸುತ್ತಾರೆ. ಉತ್ತರ ತಪ್ಪಲ್ಲ; ಆದರೆ ಇಡೀ ಲೆಕ್ಕದಲ್ಲಿ ಅದು ಸುಮಾರು ಏಳನೆಯ ಒಂದು ಪಾಲು ಮಾತ್ರ. ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಈ ಅಂಕಿಗಳು ಬಹುಮಟ್ಟಿಗೆ ಪರಭಾಷೆಯಲ್ಲಿಯೇ ಎದುರಾಗುತ್ತವೆ. ಆದ್ದರಿಂದ ತಂದೆತಾಯಂದಿರೂ ಮಕ್ಕಳೂ ಕೂಡಿ ಓದಲೆಂದು ಅವನ್ನು ಇಲ್ಲಿ ಕನ್ನಡದಲ್ಲಿ ಕ್ರೋಡೀಕರಿಸಿದ್ದೇವೆ.

ಒಟ್ಟು ಪ್ರಮಾಣ

ಇಲ್ಲಿಯ ಅಂಕಿಗಳು ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ (ಐಪಿಸಿಸಿ) 2022ರ ವರದಿಯವು. ಅದರಂತೆ 2019ರಲ್ಲಿ ಮಾನವ ಚಟುವಟಿಕೆಗಳಿಂದ ವಾತಾವರಣವನ್ನು ಸೇರಿದ ಹಸಿರುಮನೆ ಅನಿಲ ಸುಮಾರು 5,900 ಕೋಟಿ ಟನ್. ಇದರಲ್ಲಿ ಮುಕ್ಕಾಲು ಪಾಲು ಇಂಗಾಲದ ಡೈಆಕ್ಸೈಡ್, ಮೀಥೇನ್ ಶೇ. 18, ನೈಟ್ರಸ್ ಆಕ್ಸೈಡ್ ಶೇ. 4, ಫ್ಲೋರಿನ್‌ಯುಕ್ತ ಅನಿಲಗಳು ಶೇ. 2. ತಾಪವನ್ನು ಹಿಡಿದಿಡುವ ಶಕ್ತಿ ಎಲ್ಲ ಅನಿಲಗಳಿಗೂ ಒಂದೇ ಅಲ್ಲ. ನೂರು ವರ್ಷಗಳ ಅವಧಿಯಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಆದಕಾರಣ ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿನ ಸಮಾನ ತೂಕಕ್ಕೆ ಪರಿವರ್ತಿಸಿಯೇ ಈ ಮೊತ್ತವನ್ನು ಕೂಡಲಾಗಿದೆ.

ಐದು ವಲಯಗಳು

1. ಇಂಧನ ಮತ್ತು ವಿದ್ಯುತ್ ಪೂರೈಕೆ – ಶೇ. 34. ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಉರಿಯುವ ಕಲ್ಲಿದ್ದಲು ಮತ್ತು ಅನಿಲ ಇಲ್ಲಿ ಪ್ರಧಾನ. ತೈಲ ಸಂಸ್ಕರಣೆ, ಗಣಿ ಹಾಗೂ ಕೊಳವೆಗಳಿಂದ ಸೋರುವ ಮೀಥೇನ್ ಕೂಡ ಇದರಲ್ಲಿ ಸೇರಿವೆ.

2. ಕೈಗಾರಿಕೆ – ಶೇ. 24. ಉಕ್ಕು, ಸಿಮೆಂಟು, ರಾಸಾಯನಿಕಗಳು ಮುಖ್ಯವಾದವು. ಸಿಮೆಂಟಿನ ವಿಷಯದಲ್ಲಿ ಒಂದು ವಿಶೇಷವಿದೆ: ಕುಲುಮೆಯ ಇಂಧನದಿಂದಷ್ಟೇ ಅಲ್ಲ, ಕಾಯಿಸಿದ ಸುಣ್ಣದಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಸದ ರಾಶಿ ಮತ್ತು ಕೊಳಚೆ ನೀರಿನಿಂದ ಏಳುವ ಅನಿಲವನ್ನೂ ಈ ವಲಯದಲ್ಲಿಯೇ ಎಣಿಸಲಾಗಿದೆ.

3. ಕೃಷಿ, ಅರಣ್ಯ ಮತ್ತು ಭೂಬಳಕೆ – ಶೇ. 22. ಇದರಲ್ಲಿ ಸುಮಾರು ಅರ್ಧ, ಕಾಡು ಕಡಿದು ಭೂಮಿಯ ಬಳಕೆಯನ್ನು ಬದಲಿಸುವುದರಿಂದ ಬರುವ ಇಂಗಾಲದ ಡೈಆಕ್ಸೈಡ್. ಉಳಿದದ್ದು ಮುಖ್ಯವಾಗಿ ಮೆಲುಕು ಹಾಕುವ ದನಕರುಗಳ ತೇಗಿನಿಂದ ಹಾಗೂ ನೀರು ನಿಂತ ಭತ್ತದ ಗದ್ದೆಗಳಿಂದ ಬರುವ ಮೀಥೇನ್, ಮತ್ತು ಸಾರಜನಕ ಗೊಬ್ಬರ ಹಾಕಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್.

4. ಸಾರಿಗೆ – ಶೇ. 15. ಇದರ ಸುಮಾರು ಹತ್ತರಲ್ಲಿ ಏಳು ಪಾಲು ರಸ್ತೆ ವಾಹನಗಳದು. ವಿಮಾನ ಮತ್ತು ಹಡಗುಗಳು ನಂತರದ ಸ್ಥಾನದಲ್ಲಿವೆ. ರೈಲಿನ ಪಾಲು ಅತ್ಯಲ್ಪ.

5. ಕಟ್ಟಡಗಳು – ಶೇ. 6. ಅಡುಗೆಗೂ ಶೀತಪ್ರದೇಶಗಳಲ್ಲಿ ಮನೆ ಬೆಚ್ಚಗಿಡಲೂ ಅಲ್ಲಿಯೇ ಉರಿಸುವ ಇಂಧನದಿಂದ ಬರುವುದಷ್ಟೇ ಇದು.

(ಅಂಕಿಗಳನ್ನು ಪೂರ್ಣಾಂಕಕ್ಕೆ ಹೊಂದಿಸಿರುವುದರಿಂದ ಮೊತ್ತ 101 ಆಗುತ್ತದೆ.)

ಎಣಿಕೆಯ ಕ್ರಮ ಬದಲಾದರೆ

ರಾಯಚೂರಿನ ಉಷ್ಣ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಆ ವಿದ್ಯುತ್ತಿನಿಂದ ಗಿರಣಿ ನಡೆಯುವುದು, ಫ್ಯಾನು ತಿರುಗುವುದು ಬೇರೆಡೆ. ಹಾಗಾದರೆ ಅನಿಲದ ಲೆಕ್ಕವನ್ನು ಉತ್ಪಾದಿಸಿದವರಿಗೆ ಬರೆಯಬೇಕೇ, ಬಳಸಿದವರಿಗೆ ಬರೆಯಬೇಕೇ? ಮೇಲಿನ ಪಟ್ಟಿ ಮೊದಲನೆಯ ಕ್ರಮದ್ದು. ಬಳಸಿದವರಿಗೆ ಬರೆದರೆ ಕೈಗಾರಿಕೆಯ ಪಾಲು ಶೇ. 24ರಿಂದ 34ಕ್ಕೂ, ಕಟ್ಟಡಗಳದು ಶೇ. 6ರಿಂದ 16ಕ್ಕೂ ಏರುತ್ತವೆ. ಇಂಧನ ಪೂರೈಕೆಯದು ಶೇ. 12ಕ್ಕೆ ಇಳಿಯುತ್ತದೆ. ಒಟ್ಟು ಮೊತ್ತ ಮಾತ್ರ ಅದೇ. ಎರಡು ಪುಸ್ತಕಗಳಲ್ಲಿ ಎರಡು ಬಗೆಯ ಅಂಕಿಗಳು ಕಂಡಾಗ ಒಂದು ತಪ್ಪೆಂದು ಮಕ್ಕಳು ಭಾವಿಸಬೇಕಾಗಿಲ್ಲ. ಯಾವ ವರ್ಷದ್ದು, ಯಾವ ಕ್ರಮದ್ದು ಎಂದು ಕೇಳಿದರೆ ಸಾಕು.

ನೆನಪಿಡಬೇಕಾದುದು

ಯಾವ ಕೆಲಸದಿಂದ ಅನಿಲ ಬರುತ್ತದೆ ಎಂಬುದನ್ನು ಈ ಪಟ್ಟಿ ತಿಳಿಸುತ್ತದೆ. ಯಾರಿಂದ ಎಷ್ಟು ಎಂಬುದನ್ನಲ್ಲ. ಭೂಬಳಕೆಯ ಬದಲಾವಣೆಯಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಲೆಕ್ಕ ಹಾಕಿದರೆ, 2019ರಲ್ಲಿ ತಲಾ ಪ್ರಮಾಣ ದಕ್ಷಿಣ ಏಷ್ಯಾದಲ್ಲಿ 2.6 ಟನ್, ಉತ್ತರ ಅಮೆರಿಕದಲ್ಲಿ 19 ಟನ್. ಗದ್ದೆಯ ರೈತನ ಮಗು ‘ಭತ್ತದಿಂದ ಮೀಥೇನ್’ ಎಂದು ಓದಿ ತಲೆ ತಗ್ಗಿಸಬಾರದು. ಈ ಎರಡು ಅಂಕಿಗಳನ್ನೂ ಅದು ಓದಬೇಕು. ಇಂದು ಸಂಜೆ ಮನೆಯ ದೀಪ ಹಾಕುವಾಗ ಮಕ್ಕಳನ್ನು ಕೇಳಿ ನೋಡಿ: ಇದರ ಅನಿಲ ಯಾವ ವಲಯದ ಲೆಕ್ಕಕ್ಕೆ? ಎರಡು ಉತ್ತರಗಳನ್ನೂ ಕಾರಣಸಹಿತ ಹೇಳಿದರೆ ಪಾಠ ಮನದಟ್ಟಾಗಿದೆ ಎಂದೇ ನಾವು ತಿಳಿಯುತ್ತೇವೆ.