ಜಿದ್ದು

ತೊಕ್ಕೊಟ್ಟಿನ ಬಸ್ ನಿಲ್ದಾಣದಲ್ಲಿ ಇಬ್ಬರು ಹೈಸ್ಕೂಲು ಹುಡುಗರು, ಗೊಕು ದೊಡ್ಡವನೋ ವೆಜಿಟಾನೋ ಎಂದು ಜಗಳಕ್ಕೆ ನಿಂತಿದ್ದರು. 'ಡ್ರ್ಯಾಗನ್ ಬಾಲ್' ಎಂಬ ಜಪಾನಿ ಕಾರ್ಟೂನ್ ಸರಣಿಯ ವಿಷಯ. ಉಳ್ಳಾಲದ ಬಸ್ಸು ಬಂದು ಹೋದರೂ ಗಮನವಿಲ್ಲ. ಕೊನೆಗೆ ಒಬ್ಬ, "ನೀನು ಜಿದ್ದಿಗೆ ಬಿದ್ದು ಹೇಳುವುದು ಮಾರಾಯ" ಎಂದ.

ಈ ಜಿದ್ದು ಅರಬ್ಬಿಯದು. ಅಲ್ಲಿ 'ಜಿದ್ದ್' ಎಂದರೆ ವಿರುದ್ಧವಾದದ್ದು, ಎದುರಾಳಿ. ಪಾರಸಿ, ಉರ್ದುಗಳ ದಾರಿಯಲ್ಲಿ ಇತ್ತ ಬಂತು. ಹಿಂದಿಯಲ್ಲಿ ಆಟಿಕೆಗಾಗಿ ಅಳುವ ಮಗುವಿನದೂ 'ಜಿದ್'. ನಮ್ಮಲ್ಲಿ ಅದು ಹಠ. ಹಠ ಮಾಡಲು ಒಬ್ಬರು ಸಾಕು, ಜಿದ್ದಿಗೆ ಇಬ್ಬರು ಬೇಕು. ಹಾಗಾಗಿ ಅರಬ್ಬಿಯ ಮೂಲಾರ್ಥಕ್ಕೆ ಹಿಂದಿಗಿಂತ ಕನ್ನಡವೇ ಹತ್ತಿರ. ಸಾಲದ್ದಕ್ಕೆ ನಾವು ಅದನ್ನು ಜೋಡಿಯಾಗಿಸಿ 'ಜಿದ್ದಾಜಿದ್ದಿ' ಮಾಡಿಕೊಂಡೆವು. ಕಬಡ್ಡಿ, ಕಂಬಳ, ಚುನಾವಣೆಗಳ ವರದಿ ಅದಿಲ್ಲದೆ ಮುಗಿಯುವುದಿಲ್ಲ.

ಛಲ ಬೇರೆಯೇ. ಸಂಸ್ಕೃತದಲ್ಲಿ ಮೋಸ, ನೆಪ ಎಂದಿದ್ದ ಪದ ಕನ್ನಡದಲ್ಲಿ ಗುಣವಾಯಿತು. 10ನೇ ಶತಮಾನದ ಪಂಪ ಅದನ್ನು ದುರ್ಯೋಧನನಿಗೇ ಕೊಟ್ಟ. ಜಿದ್ದಿಗೆ ಆ ಘನತೆ ಸಿಕ್ಕಿಲ್ಲ, ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿನ ವಾಸನೆ ಉಳಿದೇ ಇದೆ.

ಆದರೆ ವೆಜಿಟಾನಿಗೆ ಒಪ್ಪುವುದು ಇದೇ ಪದ. ರಾಜಕುಮಾರ ತಾನು, ಸಾಮಾನ್ಯ ಕುಲದ ಗೊಕು ತನ್ನನ್ನು ಮೀರಿಸುವುದೇ? ದ್ವೇಷ ಕರಗಿದ ಮೇಲೂ ಆ ಉರಿ ಆರುವುದಿಲ್ಲ. 720 ಕಂತುಗಳ 'ನರುಟೊ' ಕೂಡ ಗೆಳೆಯರಿಬ್ಬರ ಜಿದ್ದಿನ ಮೇಲೆಯೇ ನಿಂತದ್ದು. ಕಡೆಯ ಕಾಳಗದಲ್ಲಿ ನರುಟೊ, ಸಾಸುಕೆ ಇಬ್ಬರೂ ಒಂದೊಂದು ತೋಳು ಕಳೆದುಕೊಳ್ಳುತ್ತಾರೆ. ಸೋತೆ ಎಂದು ಸಾಸುಕೆ ಒಪ್ಪಿಕೊಳ್ಳುವುದು ಆಮೇಲೆ.